ಹನುಮಂತ್ರಾಯ ಆಡಿಹೋದ ಇಂಗ್ಲಿಷ್ ಮಾತು

೧೬ ಜುಲೈ ೧೯೭೮, ಭಾನುವಾರ, ಮಸರಕಲ್

ಈ ಡೈರಿ ತೆಗೆದವರು ಯಾರೇ ಇರಲಿ, ಮೊದಲು ಇದನ್ನು ಎಲ್ಲಿತ್ತೋ ಅಲ್ಲಿ ಇಡಿ. ಮುದುಕಿ ಏನು ಗೀಚಿದ್ದಾಳೆ ನೋಡೋಣ ಎಂದು ಹಲ್ಲು ಕಿಸಿಯುತ್ತ ಬಂದಿದ್ದರೆ ಆ ಹಲ್ಲು ನಿಮ್ಮ ಬಾಯಲ್ಲೇ ಇರಲಿ. ನಾನು ಐಗಳ ಮಠದಲ್ಲಿ ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದಿದವಳು. ಎರಡನೇ ಜಮಾತಿಗೆ ಶಾಲೆ ಬಿಡಿಸಿ ಕುರಿ ಹಿಂದೆ ಕಳಿಸಿದರು. ಎಲ್ಲಾದರೂ ಒತ್ತು ತಪ್ಪಿದ್ದರೆ ನಿಮ್ಮ ಗಂಟೇನೂ ಹೋಗುವುದಿಲ್ಲ. ನಿಮಗಾಗಿ ಬರೆದದ್ದಲ್ಲ ಇದು. ಗೊಬ್ಬರದ ಅಂಗಡಿಯವನು ನನ್ನ ಮಗ ದುರುಗಪ್ಪನಿಗೆ ಪುಕ್ಕಟೆ ಕೊಟ್ಟ ಡೈರಿ, ಅವನು ಮುಟ್ಟಲಿಲ್ಲ, ನಾನು ಎತ್ತಿಕೊಂಡೆ.

ಈ ದಿನ ಮನೆಗೆ ಬಂದವನ ಬಗ್ಗೆ ಬರೆದಿಡಬೇಕು. ಯಾಕೋ ಮನಸ್ಸು ನೆಟ್ಟಗಿಲ್ಲ.

ನನ್ನ ಮೊಮ್ಮಗಳು ಆದೆಮ್ಮನನ್ನು ಮಲ್ಲಟದ ಕನಕರಾಯನಿಗೆ ಕೊಡುವುದೆಂದು ಶಿವರಾತ್ರಿ ಆದಮೇಲೆ ಮಾತಾಗಿದೆ. ಹುಡುಗ ರಾಯಚೂರಿನಲ್ಲಿ ಗುಮಾಸ್ತ. ದೀಪಾವಳಿ ಕಳೆದ ಮೇಲೆ ಮದುವೆ. ಇವತ್ತು ಮಧ್ಯಾಹ್ನದ ಬಸ್ಸಿಗೆ ಹುಡುಗನ ಸೋದರಮಾವ ಹನುಮಂತ್ರಾಯ ಬಂದ. ಅವನೂ ರಾಯಚೂರಿನಲ್ಲೇ ಯಾವುದೋ ಕಚೇರಿಯ ಹೆಡ್ ಕ್ಲಾರ್ಕು, ಆ ಮನೆಯ ಯಜಮಾನಿಕೆಯೆಲ್ಲ ಅವನದೇ. ಕಂಬಳಿ ಹಾಸಿದರೆ ಅದರ ಮೇಲೆ ಕೂರಲಿಲ್ಲ. ಪ್ಯಾಂಟು ಮುದುಡುತ್ತದಂತೆ. ಪಕ್ಕದ ಮನೆಯಿಂದ ಕುರ್ಚಿ ತರಿಸಿದೆವು. ಕುಳಿತು, ಕೆಮ್ಮಿ, ಒಂದೇ ಮಾತು ಆಡಿದ.

"ಯಜಮಾನ್ರ, ಮ್ಯಾರೇಜ್ ಕಾಲ್ ಆಫ್ ಮಾಡೀವ್ರಿ. ವೆರಿ ಸಾರಿ."

ನನ್ನ ಮಗ ಅದಕ್ಕೆ ಕೈ ಮುಗಿದ. "ಆಗ್ಲೇಳ್ರಿ ಮಾವಾರ, ಛಲೋ ಮಾಡೀರಿ. ನೀವು ಹಿರ್ಯಾರು, ಮಾಡಿದ ಮ್ಯಾಲ ನಮ್ಮದೇನದ."

"ನಿಮಗೇನು ಬ್ಯಾಸರ ಇಲ್ಲೇನ್ರಿ?"

"ಬ್ಯಾಸರ ಎದರದ್ದರಿ? ಉಣ್ಣಾಕ ಏಳ್ರಿ."

ಹನುಮಂತ್ರಾಯನ ಮುಖ ಅರಳಿತು. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಆಗ ತಾನೇ ಕಾಸಿದ ತುಪ್ಪ. ತುಪ್ಪ ನಾನೇ ಬಡಿಸಿದೆ, ಬೇಡವೆಂದರೂ ಮತ್ತೆ ಬಡಿಸಿದೆ. ಹೊರಡುವಾಗ ನಾನೇ ನೂಲು ತೆಗೆದು ನೇಯಿಸಿದ ಹೊಸ ಕಂಬಳಿ ಕೊಟ್ಟೆ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ ಹತ್ತಿದ.

ಸಂಜೆ ಆದೆಮ್ಮ ಕೇಳಿದಳು. "ಆಯಿ, ಅಂವ ಕಾಲ್ ಆಫ್ ಅಂದ. ಹಂಗಂದ್ರೇನು?"

"ಮ್ಯಾಟ್ರಿಕ್ ತನಕ ಓದಿದಾಕಿ ನೀನೋ ನಾನೋ?"

"ಕಾಲ್ ಗೊತ್ತದ, ಕರಿಯೋದು. ಆಫ್ ಗೊತ್ತದ, ದೀಪ ಆರಿಸೋದು. ಎರಡೂ ಕೂಡಿದ್ದು ಗೊತ್ತಿಲ್ಲ."

ಈ ಬೇಸಗೆ ಪರೀಕ್ಷೆಯಲ್ಲಿ ಅವಳು ಇಂಗ್ಲಿಷ್ ಒಂದರಲ್ಲೇ ಬಿದ್ದಿದ್ದಾಳೆ. ದುರುಗಪ್ಪ ಹೇಳುವುದು, ಮದುವೆಗೆ ಮಂದಿಯನ್ನು ಕರೆಯಲು ಶುರು ಮಾಡಿದ್ದಾರೆ ಎಂದು. ಇರಬಹುದು. ಆದರೆ ಕರೆಯುವುದಕ್ಕೆ ಸಾರಿ ಯಾಕೆ ಅಂದ?

೧೭ ಜುಲೈ

ಅವನ ನಾಲಿಗೆ ಸೇದಿ ಹೋಗಲಿ. ನನ್ನ ತುಪ್ಪ ಅವನ ಹೊಟ್ಟೆಯಲ್ಲಿ ಕಲ್ಲಾಗಲಿ.

ಬೆಳಿಗ್ಗೆ ಆದೆಮ್ಮನನ್ನು ಕರೆದುಕೊಂಡು ಇಂಗ್ಲಿಷ್ ಮಾಸ್ತರ ಕುತುಬುದ್ದೀನರ ಮನೆಗೆ ಹೋದೆ. ಅವರ ಹೆಂಡತಿ ಜಾಹೆದಾ ಚಹಾ ತಂದವಳು, ನಾನು ಆ ಮಾತು ಹೇಳಿದ ಕೂಡಲೇ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಳು. ಗಂಡನ ಹತ್ತಿರ ಅಷ್ಟು ಇಂಗ್ಲಿಷ್ ಅವಳೂ ಕಲಿತಿದ್ದಾಳೆ. ಮಾಸ್ತರರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

"ಒಡದು ಹೇಳ್ರಿ ಮಾಸ್ತರ. ನಾ ಏನು ಸಾಯಂಗಿಲ್ಲ."

"ಹಿಂಗ ನೋಡವ್ವ. ಒಂದು ಕೆಲಸ ಗೊತ್ತಾಗಿರತದ. ಕಬಡ್ಡಿ ಆಟ ಅನ್ನು. ಮಳಿ ಬಂತು, ಇವತ್ತ ಬ್ಯಾಡ, ನಾಳಿ ಆಡೋಣು ಅಂದ್ರ ಪುಟ್ ಆಫ್. ಆಟನೇ ಬ್ಯಾಡ, ಮನಿಗೆ ನಡೀರಿ ಅಂದ್ರ ಕಾಲ್ ಆಫ್."

"ನಮ್ಮದು ನಾಳಿ ಅಲ್ಲ."

"ಅಲ್ಲವ್ವ."

ಆದೆಮ್ಮ ಅಳಲಿಲ್ಲ. ಪಾಠ ಕೇಳುವವಳ ಹಾಗೆ ಕೇಳಿದಳು. "ಕರಿಯೋದು ಅಂದ್ರ ಹತ್ರ ಬಾ ಅನ್ನೋದಲ್ರಿ ಸರ್. ಅದ್ರಾಗ ಬ್ಯಾಡ ಅನ್ನೋದು ಎಲ್ಲಿಂದ ಬಂತು?"

"ಅದಕ್ಕ ಲೆಕ್ಕ ಇಲ್ಲ ಬೇಟಿ. ಎರಡು ಸಾದಾ ಮಾತು ಕೂಡಿ ಮೂರನೇದೊಂದು ಹುಟ್ಟತದ. ಅದು ಅಪ್ಪನ್ನೂ ಹೋಲೋದಿಲ್ಲ, ಅವ್ವನ್ನೂ ಹೋಲೋದಿಲ್ಲ. ಬಾಯಿಪಾಠ ಮಾಡಬೇಕು."

"ನಮ್ಮ ದುರುಗಪ್ಪನಂಗ," ಎಂದೆ ನಾನು. ಯಾರೂ ನಗಲಿಲ್ಲ.

ದಾರಿಯುದ್ದಕ್ಕೂ ನನಗೆ ಕಂಡದ್ದು ಒಂದೇ. ಮದುವೆ ಮುರಿದುಹೋಯಿತು ಎಂಬುದಲ್ಲ, ಮುರಿದವನಿಗೆ ನಾವು ಕೈ ಮುಗಿದು ಉಣಬಡಿಸಿದ್ದು. ರಾಯಚೂರಿಗೆ ಹೋಗಿ ಇದನ್ನು ಹೇಳಿ ಹೇಳಿ ನಕ್ಕಿರುತ್ತಾನೆ. ಕನ್ನಡದಲ್ಲಿ ಹೇಳಲು ಅವನಿಗೆ ಎದೆ ಇರಲಿಲ್ಲ.

ಆದರೆ ಅವನು ಒಂದು ಮರೆತ. ನಮ್ಮ ಮನೆತನಗಳಲ್ಲಿ ಮದುವೆ ಮಾತು ಆಡುವುದು ಕರಿ ಕಂಬಳಿಯ ಮೇಲೆ ಕುಳಿತು. ಮುರಿಯಬೇಕಾದರೂ ಕಂಬಳಿಯ ಮೇಲೇ ಕೂರಬೇಕು. ಅಂಚಿನಿಂದ ಒಂದು ಎಳೆ ಬಿಚ್ಚಿ, ಒಂದು ತುದಿ ಗಂಡಿನವರು ಹಿಡಿದು, ಇನ್ನೊಂದು ತುದಿ ಹೆಣ್ಣಿನವರು ಹಿಡಿದು, ಹಿರಿಯರ ಎದುರಿಗೆ ಎಳೆದು ಹರಿಯಬೇಕು. ಒಂದೇ ಕಡೆಯಿಂದ ಎಳೆದರೆ ಎಳೆ ಹರಿಯುವುದಿಲ್ಲ, ಸುಮ್ಮನೆ ಕೈಗೆ ಬರುತ್ತದೆ. ಹರಿಯುವ ತನಕ ಆ ಹುಡುಗನಿಗೆ ನಮ್ಮವರಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ. ಹುಡುಗಿಗೂ ಅದೇ ಕಟ್ಟು ಎನ್ನುತ್ತಾರೆ, ಇರಲಿ. ಈ ಮನೆಯ ಹಿರಿಯಳು ನಾನು. ತುದಿ ಹಿಡಿಯಬೇಕಾದವಳು ನಾನು. ಅವನು ಬಂದು ಕಾಲು ಹಿಡಿದರೂ ನಾನು ಎಳೆ ಹಿಡಿಯುವವಳಲ್ಲ.

೬ ಆಗಸ್ಟ್

ಆದೆಮ್ಮ ಅಕ್ಟೋಬರಿನಲ್ಲಿ ಮತ್ತೆ ಇಂಗ್ಲಿಷ್ ಪರೀಕ್ಷೆಗೆ ಕೂರುತ್ತಾಳೆ. ದಿನಾ ಸಂಜೆ ಮಾಸ್ತರರ ಮನೆಗೆ ಹೋಗುತ್ತಾಳೆ, ನಾನೂ ಜೊತೆಗೆ. ಬೆಳೆದ ಹುಡುಗಿ ಒಬ್ಬಳೇ ಹೋಗಬಾರದೆಂದು ದುರುಗಪ್ಪನಿಗೆ ಹೇಳಿದ್ದೇನೆ. ನಿಜ ಸಂಗತಿ, ಹನುಮಂತ್ರಾಯನ ಎದುರು ನಿಂತು ಅವನ ಮಾತನ್ನು ಅವನಿಗೇ ತಿರುಗಿಸಿ ಹೊಡೆಯಬೇಕು. ತಪ್ಪಿ ಆಡಿದರೆ ಮತ್ತೆ ನಗುತ್ತಾನೆ. ಅದಕ್ಕೆ ಆ ಮಾತನ್ನು ಎಲ್ಲೆಲ್ಲಿ ಹೇಗೆ ಬಳಸುತ್ತಾರೆ ಎಂದು ಕೇಳಿ ಇಟ್ಟುಕೊಳ್ಳುತ್ತಿದ್ದೇನೆ. ಸಭೆ ಕಾಲ್ ಆಫ್ ಆಗುತ್ತದೆ. ಹರತಾಳ ಕಾಲ್ ಆಫ್ ಆಗುತ್ತದೆ. ಎರಡು ಮಾತಿನ ನಡುವೆ ಒಂದು ಪುಟ್ಟ ಮಾತು ಸೇರಿಸಿ 'ಕಾಲ್ ಇಟ್ ಆಫ್' ಅಂದರೂ ನಡೆಯುತ್ತದೆ.

ಹರತಾಳದ್ದು ಮಾಸ್ತರರು ಚೆನ್ನಾಗಿ ಹೇಳಿದರು. ಗಿರಣಿಯ ಕೂಲಿಯವರು ಹರತಾಳ ಹೂಡಿದರೆ ಮಾಲೀಕ ಅದನ್ನು ಮುರಿಯಬಹುದು, ಕಾಲ್ ಆಫ್ ಮಾಡಲಾರ. ಹೂಡಿದವರೇ ಮಾಡಬೇಕು. ಆದೆಮ್ಮ ಅದನ್ನು ಬರೆದುಕೊಂಡಳು. ನಾನು ಬರೆದುಕೊಳ್ಳಲಿಲ್ಲ, ಹೂಡಿದವರ ಬಗ್ಗೆ ನನಗೇನು.

೧೦ ಸೆಪ್ಟೆಂಬರ್, ಭಾನುವಾರ

ಈ ದಿನ ಹೋಗಿ ಬಂದೆ. ಎದೆ ಸ್ವಲ್ಪ ತಣ್ಣಗಾಗಿದೆ.

ರಾಯಚೂರಿನ ತೀನ್ ಕಂದೀಲ್ ಹತ್ತಿರದ ಗಲ್ಲಿಯಲ್ಲಿ ಹನುಮಂತ್ರಾಯನ ಮನೆ. ಆದೆಮ್ಮ ಬರಲೊಲ್ಲೆ ಎಂದಳು, ಎಳೆದುಕೊಂಡು ಹೋದೆ. ದೇವರು ಅಂಥ ಹೊತ್ತಿಗೇ ಮುಟ್ಟಿಸಿದ, ಅವನ ಕಚೇರಿಯ ಸಾಹೇಬ ಬಂದು ಕುಳಿತಿದ್ದ. ಎಲ್ಲಿ ಕುಳಿತಿದ್ದ? ನನ್ನ ಕಂಬಳಿಯ ಮೇಲೆ. ಮಂಚದ ಮೇಲೆ ಅದನ್ನೇ ಹಾಸಿದ್ದರು. ತಟ್ಟೆಯಲ್ಲಿ ಮಿರ್ಚಿ ಭಜಿ, ಕೈಯಲ್ಲಿ ಚಹಾ.

ಹನುಮಂತ್ರಾಯ ನನ್ನನ್ನು ಕಂಡು ಎದ್ದು ನಿಂತ. "ಅವ್ವಾರ, ನೀವು... ಒಳಗ ಬರ್ರಿ."

"ಒಳಗ ಬಂದೀನಿ, ಕಾಣಂಗಿಲ್ಲೇನು?" ಎಂದೆ. ಆಮೇಲೆ ಕಲಿತದ್ದನ್ನು ಆಡಿದೆ. "ಹನುಮಂತ್ರಾಯಾ, ನಿನ್ನ ಚಹಾ ಕಾಲ್ ಆಫ್. ಭಜಿ ಕಾಲ್ ಆಫ್. ನನ್ನ ಕಂಬಳಿ ಕಾಲ್ ಆಫ್. ವೆರಿ ಸಾರಿ. ಯಪ್ಪಾ ಸಾಹೇಬ, ಜರಾ ಏಳಪಾ."

ಸಾಹೇಬ ಚಹಾದ ಕಪ್ಪು-ಬಸಿ ಹಿಡಿದುಕೊಂಡೇ ಎದ್ದ, ಪಾಪ, ಒಳ್ಳೆಯವನು. ಕಂಬಳಿ ಎಳೆದು ಮಡಿಚಿ ತಲೆ ಮೇಲೆ ಇಟ್ಟುಕೊಂಡೆ. ಬಾಗಿಲ ಹಿಂದಿನಿಂದ ಹನುಮಂತ್ರಾಯನ ಹೆಂಡತಿ ಕಿಸಕ್ ಎಂದದ್ದು ನನ್ನ ಕಿವಿಗೆ ಬಿತ್ತು. ಅವನ ಕಿವಿಗೂ ಬಿತ್ತು.

ಬಸ್ಸಿನಲ್ಲಿ ಆದೆಮ್ಮ ಬಹಳ ಹೊತ್ತು ಕಿಟಕಿ ಕಡೆ ಮುಖ ಮಾಡಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ.

"ಆಯಿ, ಕಂಬಳಿಗೆ ಕಾಲ್ ಆಫ್ ಅನ್ನಾಕ ಬರೋದಿಲ್ಲ."

"ಎದಕ್ಕ ಬರೋದಿಲ್ಲ?"

"ಕಂಬಳಿ ವಸ್ತು. ನಡೀಬೇಕಂತ ಗೊತ್ತು ಮಾಡಿದ ಕೆಲಸಕ್ಕಷ್ಟ ಹಂಗನ್ನೋದು. ಭಜಿಗೂ ಬರೋದಿಲ್ಲ."

"ಮತ್ತ ಕಂಬಳಿಗೆ ಏನನ್ನಬೇಕಿತ್ತು?"

"ಟೇಕ್ ಬ್ಯಾಕ್."

"ಹೋಗೋವಾಗ ಹೇಳಿದ್ರ ನಿನ್ನ ಗಂಟೇನು ಹೋಗ್ತಿತ್ತಬೇ?"

ಆಗ ನಕ್ಕಳು. ಸೆರಗು ಒದ್ದೆಯಾಗುವಷ್ಟು ನಕ್ಕಳು, ಕಂಡಕ್ಟರ್ ತಿರುಗಿ ನೋಡಿದ. ಅವಳ ನಗು ನೋಡಿ ನನಗೂ ತಡೆಯಲಿಲ್ಲ. ಮನೆಗೆ ಬಂದ ಮೇಲೆ ಮಾಸ್ತರರಿಗೂ ಹೇಳಿ ನಗಿಸಿದೆವು. ಆದರೆ ಇದು ಮುಗಿಯಲಿಲ್ಲ. ಕಂಬಳಿ ತಂದದ್ದು ಬರೀ ಚಿಲ್ಲರೆ, ಎಳೆ ಇನ್ನೂ ಬಾಕಿ ಇದೆ.

೨೨ ಡಿಸೆಂಬರ್

ಆದೆಮ್ಮ ಪಾಸು. ಇಂಗ್ಲಿಷ್‌ನಲ್ಲಿ. ಜಾಹೆದಾ ಓಡಿಬಂದು ಹೇಳಿದಳು. ನಾನು ಈ ಸುದ್ದಿಯನ್ನು ಮಲ್ಲಟಕ್ಕೆ ಹೋಗುವವರು ಯಾರು ಸಿಕ್ಕರೂ ಹೇಳಿ ಕಳಿಸುತ್ತಿದ್ದೇನೆ.

೧೮ ಫೆಬ್ರವರಿ ೧೯೭೯, ಭಾನುವಾರ

ಬಂದರು. ಬಂದೇ ಬಂದರು.

ಕನಕರಾಯನಿಗೆ ಮಾನ್ವಿಯಲ್ಲಿ ಹೆಣ್ಣು ನೋಡಿದ್ದಾರೆ, ಬಿ.ಎ. ಓದುತ್ತಿರುವವಳಂತೆ. ಆ ಹುಡುಗಿಯ ಅಜ್ಜ ಒಂದೇ ಮಾತು ಕೇಳಿದನಂತೆ, "ಮಸರಕಲ್ಲಿನ ಎಳಿ ಹರದದೇನು?" ಹನುಮಂತ್ರಾಯ, ಅದೆಲ್ಲ ಹಳೆಯ ಕಾಲದ್ದು, ಕಾಲ್ ಆಫ್ ಆಗಿ ಬಹಳ ದಿನ ಆಯಿತು ಎಂದನಂತೆ. ಅದಕ್ಕೆ ಆ ಅಜ್ಜ ಎದ್ದು ಟವೆಲು ಝಾಡಿಸಿಕೊಂಡನಂತೆ. ಅವನು ನೂರು ವರ್ಷ ಬಾಳಲಿ.

ಹನುಮಂತ್ರಾಯ ತಾನು ಬರಲಿಲ್ಲ. ನಮ್ಮ ಊರ ಹಿರಿಯ ಬೂದೆಪ್ಪನನ್ನು ಮುಂದೆ ಮಾಡಿ ಕಳಿಸಿದ.

"ಬಂಡೆಮ್ಮ, ಆದದ್ದು ಆತು. ಕಂಬಳಿ ಹಾಸಿ ಎಳಿ ಹರದುಬಿಡು."

"ಹಾಸಂಗಿಲ್ಲ."

"ಹಟ ಎದಕ್ಕವ್ವ?"

"ಹಟ ಅಲ್ಲ ಬೂದೆಪ್ಪಣ್ಣ, ನನಗ ಬಿಡುವಿಲ್ಲ. ಕಾಳು ಹಸನ ಮಾಡೋದದ."

ಅವನ ಎದುರಿಗೇ ಮೊರ ತೆಗೆದುಕೊಂಡು ಕುಳಿತೆ. ಇಂಥ ಸುಖ ಹಬ್ಬದ ಊಟದಲ್ಲೂ ಕಂಡಿಲ್ಲ.

೧ ಏಪ್ರಿಲ್

ಯುಗಾದಿ ಆಯಿತು. ಹನುಮಂತ್ರಾಯನ ಹೆಂಡತಿ ಬಂದು ಹೋದಳು, ಕುಂಕುಮ ಕೊಟ್ಟು ಕಳಿಸಿದೆ, ಎಳೆ ಕೊಡಲಿಲ್ಲ. ಆಮೇಲೆ ಮಲ್ಲಟದ ಹಿರಿಯರು. ಆಮೇಲೆ ಮತ್ತೆ ಬೂದೆಪ್ಪ. ಆಷಾಢ ಹುಟ್ಟುವ ತನಕ ತಳ್ಳಿದರೆ ಈ ವರ್ಷದ ಮುಹೂರ್ತ ಎಲ್ಲ ಹೋಗುತ್ತವೆ. ಮಾನ್ವಿಯವರು ಅಲ್ಲಿ ತನಕ ಕಾಯುವುದಿಲ್ಲ. ಅವನು ಆಡಿದ ಮಾತು ಅವನ ಮನೆಗೇ ಹೋಗಿ ಕೂರುತ್ತದೆ. ನಾನು ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಕೂತರೆ ಸಾಕು.

೨೯ ಏಪ್ರಿಲ್

ಮನೆಯಲ್ಲಿ ಜಗಳ.

ರಾಯಚೂರಿನಲ್ಲಿ ಟೀಚರ್ ಟ್ರೇನಿಂಗಿಗೆ ಅರ್ಜಿ ಹಾಕಲು ಮಾಸ್ತರರು ಆದೆಮ್ಮನಿಗೆ ಹೇಳಿದ್ದಾರೆ. ಎರಡು ವರ್ಷ ಓದಿದರೆ ಶಾಲೆಯಲ್ಲಿ ನೌಕರಿ. ಜೂನ್ ತಿಂಗಳಲ್ಲಿ ಆರಿಸುತ್ತಾರೆ. ದುರುಗಪ್ಪ ಬೇಡ ಎಂದ.

"ಎಳಿ ಹರೀಲಾರದ ಹುಡುಗಿನ್ನ ಪಟ್ಟಣಕ್ಕ ಕಳಿಸಿದ್ರ, ನಾಳಿ ಅವ್ರು ನಮ್ಮ ಮ್ಯಾಲೆ ತಪ್ಪು ಹಾಕ್ತಾರ. ನಮ್ಮನಿ ಸೊಸಿ ಆಗಬೇಕಾದಾಕಿ ನಮ್ಮನ್ನ ಕೇಳಲಾರದ ಹ್ಯಾಂಗ ಹೋದ್ಲು ಅಂತಾರ. ಯವ್ವಾ, ನೀ ಎಳಿ ಹರಿ, ನಾ ನಾಳೇನೇ ಕಳಸ್ತೀನಿ."

"ಇನ್ನೆರಡು ತಿಂಗಳು ತಡಿಯಾಕ ಬರಂಗಿಲ್ಲೇನು?" ಎಂದೆ.

ಆದೆಮ್ಮ ಹೇಳಿದಳು, "ಎರಡು ತಿಂಗಳಿಗೆ ಸೀಟು ಇರೋದಿಲ್ಲ ಆಯಿ."

"ಮುಂದಿನ ವರ್ಷ ಇರತಾವ. ಸೀಟೇನು ಸಾಯ್ತಾವೇನು?"

ಅವಳು ಅರ್ಜಿಯ ಕಾಗದ ಮಡಿಚಿ ಪುಸ್ತಕದೊಳಗೆ ಇಟ್ಟಳು. ಹನುಮಂತ್ರಾಯ ಈ ಮನೆಗೆ ಎಷ್ಟು ಕೇಡು ಮಾಡಿದ್ದಾನೆ ನೋಡಿ. ಓದುವ ಹುಡುಗಿಯ ಕಾಲಿಗೂ ಅಡ್ಡ ಬಂದ.

೬ ಮೇ

ಆದೆಮ್ಮ ನನ್ನ ಪಕ್ಕ ಮಲಗುವುದನ್ನು ಬಿಟ್ಟು ಅವಳ ಅವ್ವನ ಹತ್ತಿರ ಮಲಗುತ್ತಾಳೆ. ಸೆಕೆ ಅಂತೆ.

೧೩ ಮೇ

ಬಟ್ಟೆ ಒಗೆಯುವಾಗ ಆದೆಮ್ಮ ತಾನಾಗಿ ಮಾತಾಡಿದಳು.

"ಆಯಿ, ಹರತಾಳ ಯಾರು ಕಾಲ್ ಆಫ್ ಮಾಡಬೇಕಂತ ಮಾಸ್ತರ ಹೇಳಿದ್ರು, ನೆನಪದೇನು?"

"ಹೂಡಿದವ್ರು."

"ಇದನ್ನ ಹೂಡಿದವ್ರು ಯಾರು?"

"ಹನುಮಂತ್ರಾಯ."

"ಅಂವ ಒಂದು ಮಾತಾಡಿ ಬಸ್ ಹತ್ತಿ ಹೋದ ಆಯಿ. ಅಲ್ಲಿಂದ ಇಲ್ಲಿ ತನಕ ಹೂಡಿದ್ದು ನೀನು."

ಹಿಂಡುತ್ತಿದ್ದ ಸೀರೆಯನ್ನು ಅವಳ ಕೈಯಿಂದ ಕಿತ್ತುಕೊಂಡೆ. ಇಂಗ್ಲಿಷ್ ಕಲಿಸಿದ್ದು ನನ್ನ ಮೇಲೆ ತಿರುಗಿ ಬೀಳಲಿ ಎಂದಲ್ಲ. ಇಷ್ಟೆಲ್ಲ ಯಾರಿಗಾಗಿ ಮಾಡುತ್ತಿದ್ದೇನೆ?

ಸಂಜೆ ಬೂದೆಪ್ಪನಿಗೆ ಹೇಳಿ ಕಳಿಸಿದೆ, ಬರುವ ಭಾನುವಾರ ಕಂಬಳಿ ಹಾಸುತ್ತೇನೆ, ಹನುಮಂತ್ರಾಯ ಬರಲಿ ಎಂದು. ದುರುಗಪ್ಪ ಖುಷಿಯಾಗಿದ್ದಾನೆ. ನನ್ನ ಮನಸ್ಸಿನಲ್ಲಿ ಇರುವುದು ಬೇರೆ. ಹಿರಿಯರ ಎದುರಿಗೆ ಅವನ ಬಾಯಿಂದ ಕನ್ನಡದಲ್ಲಿ ಆ ಮಾತು ಆಡಿಸುತ್ತೇನೆ, ಹುಡುಗಿಯ ಮುಖ ನೋಡಿ ಆಡಬೇಕು. ಆಡಿದ ಮೇಲೆ ಎಳೆ ಹಿಡಿಯದೆ ಎದ್ದು ಹೋಗುತ್ತೇನೆ. ಬೆವರು ಸುರಿಸಿ, ಮಾನ ಕಳೆದುಕೊಂಡು, ಬರಿಗೈಲಿ ಬಸ್ ಹತ್ತಲಿ.

೨೦ ಮೇ, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅಂಗಳದ ಬೇವಿನ ನೆರಳಿನಲ್ಲಿ ಕಂಬಳಿ ಹಾಸಿದೆವು. ಬೂದೆಪ್ಪ, ನಮ್ಮ ಹಿರಿಯರು, ಮಲ್ಲಟದ ಹಿರಿಯರು. ಹನುಮಂತ್ರಾಯ ಈ ಸಲ ಧೋತರ ಉಟ್ಟು ಬಂದಿದ್ದ, ಕುರ್ಚಿ ಕೇಳಲಿಲ್ಲ. ಆದೆಮ್ಮ ನನ್ನ ಹಿಂದೆ ಕಂಬದ ಹತ್ತಿರ ನಿಂತಿದ್ದಳು. ನಿಲ್ಲಿಸಿದ್ದು ನಾನೇ.

"ಹಿರ್ಯಾರ ಮುಂದ ಹೇಳೋದೇನಂದ್ರ," ಎಂದು ಶುರು ಮಾಡಿದ, "ನಮ್ಮ ಕಡಿಯಿಂದ ಈ ಮ್ಯಾರೇಜ್ ಕಾಲ್..."

"ಇಂಗ್ಲಿಷ್ ಕಂಬಳಿ ಮ್ಯಾಲ ಹತ್ತಂಗಿಲ್ಲ," ಎಂದೆ. "ಕನ್ನಡದಾಗ ಆಡು. ನನಗಲ್ಲ, ಆಕಿ ಮುಖ ನೋಡಿ ಆಡು."

ಅವನು ಬೂದೆಪ್ಪನನ್ನು ನೋಡಿದ. ಬೂದೆಪ್ಪ ನೆಲ ನೋಡಿದ.

"ಆದೆಮ್ಮ, ನಮ್ಮ ಹುಡುಗಗ... ನೀ ಬ್ಯಾಡ."

"ಎದಕ್ಕ ಬ್ಯಾಡ, ಅದನ್ನೂ ಹೇಳು."

"ಬಿಡ್ರಿ ಅವ್ವಾರ."

"ಬಿಡಂಗಿಲ್ಲ. ಹೇಳು."

"ಹಳ್ಳಿ ಹುಡುಗಿ, ನಾಕು ಮಂದ್ಯಾಗ ಕರ್ಕೊಂಡು ಹೋಗಾಕ ಬರೋದಿಲ್ಲ ಅಂದ ನಮ್ಮ ಹುಡುಗ. ಮಾತಿನಾಗ ನಾಜೂಕಿಲ್ಲ ಅಂದ."

"ಇನ್ನ?"

"ಕರಿ ಅದಾಳ ಅಂದ. ಸಾಕೇನ್ರಿ?"

ನಾನು ತಿರುಗಿ ಆದೆಮ್ಮನನ್ನು ನೋಡಿದೆ. ಹತ್ತು ತಿಂಗಳಿಂದ ಈ ಮಾತನ್ನು ಅವನ ಗಂಟಲಿಂದ ಕಿತ್ತು ತೆಗೆಯಬೇಕೆಂದು ಕಾದಿದ್ದೆ. ಬಂತು. ಬಂದು ಬಡಿದದ್ದು ಅವನ ಮುಖಕ್ಕಲ್ಲ.

ಹುಡುಗಿ ತಲೆ ತಗ್ಗಿಸಲಿಲ್ಲ. ಒಂದು ಕೈಯಿಂದ ಇನ್ನೊಂದು ತೋಳನ್ನು ಮುಚ್ಚಿಕೊಂಡಳು, ಬಿಸಿಲಿಗೆ ಮುಚ್ಚಿಕೊಂಡ ಹಾಗೆ.

ಬೂದೆಪ್ಪ ಕಂಬಳಿಯ ಅಂಚಿನಿಂದ ಎಳೆ ಬಿಚ್ಚಿದ. ಒಂದು ತುದಿ ಹನುಮಂತ್ರಾಯನ ಕೈಗೆ ಕೊಟ್ಟು, ಇನ್ನೊಂದನ್ನು ನನ್ನ ಕಡೆ ಚಾಚಿದ. "ಬಂಡೆಮ್ಮ, ಹಿಡಿ."

ನಾನು ಹಿಡಿಯಲಿಲ್ಲ. ಎದ್ದು ಹೋಗಬೇಕೆಂದು ಗೊತ್ತು ಮಾಡಿಕೊಂಡಿದ್ದೆ, ಏಳಲೂ ಆಗಲಿಲ್ಲ. ಕೈ ಮಡಿಲಲ್ಲಿ ಇಟ್ಟುಕೊಂಡು ಕುಳಿತೆ.

ಆಗ ಆದೆಮ್ಮ ಬಂದು ಕಂಬಳಿಯ ಮೇಲೆ ನನ್ನ ಪಕ್ಕ ಕುಳಿತಳು.

"ಏಳವ್ವ ತಂಗಿ," ಎಂದ ಬೂದೆಪ್ಪ. "ಹಿರ್ಯಾರು ಹಿಡೀಬೇಕು. ಹುಡುಗಿ ಕೂಡೋ ಜಾಗ ಅಲ್ಲ ಇದು."

"ಮುತ್ಯಾ, ಇವ್ರು ಬ್ಯಾಡ ಅಂದದ್ದು ಯಾರಿಗ್ರಿ, ಆಯಿಗೇನು?"

"ನಿನಗ."

"ಬ್ಯಾಡ ಅನ್ನಿಸಿಕೊಳ್ಳಾಕ ನಾ ಬೇಕಾತು, ಎಳಿ ಹಿಡಿಯಾಕ ಬ್ಯಾಡಾದ್ನೇನು? ತರ್ರಿ ಇಲ್ಲಿ."

ಬೂದೆಪ್ಪ ಕೊಟ್ಟುಬಿಟ್ಟ. ಯಾಕೆ ಕೊಟ್ಟನೋ ಅವನಿಗೇ ಗೊತ್ತಿಲ್ಲ. ಅವಳು ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು. ಹನುಮಂತ್ರಾಯನನ್ನು ನೇರ ನೋಡಿದಳು.

"ನಿಮ್ಮ ಹುಡುಗಗ ನಾ ಬ್ಯಾಡ ಅಂದ್ರಿ. ನನಗೂ ನಿಮ್ಮ ಮನಿ ಬ್ಯಾಡ. ಎಳೀರಿ."

ಅವನು ತುದಿ ಹಿಡಿದುಕೊಂಡು ಬೂದೆಪ್ಪನ ಕಡೆ ನೋಡಿದ. ಎಳೆದದ್ದು ಅವಳೇ. ಟಪ್ ಎಂದಿತು, ಅಷ್ಟೇ. ಅವಳ ಬೆರಳಿನಲ್ಲಿ ಕೆಂಪಗೆ ಗೆರೆ ಬಿದ್ದಿತು. "ನಡ್ರಿ, ಬಸ್ಸಿನ ಹೊತ್ತಾತು," ಎಂದು ಅವನಿಗೆ ಹೇಳಿ ಒಳಗೆ ಹೋದಳು.

ನನ್ನ ಸೇಡು ನನ್ನ ಕೈಯಿಂದ ಕಿತ್ತುಕೊಂಡು ಹೋದಳು. ಅವನು ಸಲೀಸಾಗಿ ಬಿಡುಗಡೆಯಾದ. ಮನೆಯ ಹಿರಿಯಳನ್ನು ನಾಲ್ಕು ಮಂದಿಯ ಎದುರಿಗೆ ಕೆಲಸಕ್ಕೆ ಬಾರದವಳನ್ನಾಗಿ ಮಾಡಿದಳು. ಇನ್ನು ಅವಳ ಹತ್ತಿರ ನನಗೆ ಮಾತಿಲ್ಲ.

೨೧ ಮೇ

ಮಾತಿಲ್ಲ.

೨೫ ಮೇ

ಅರ್ಜಿ ಹಾಕಿ ಬಂದರು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆರಳಿನ ಗೆರೆ ಇನ್ನೂ ಮಾಯ್ದಿಲ್ಲ. ಅರಿಶಿಣ ಕಲಸಿ ಬಟ್ಟಲನ್ನು ಅವಳ ಹಾಸಿಗೆಯ ಹತ್ತಿರ ಇಟ್ಟೆ. ಬೇಕಾದರೆ ಹಚ್ಚಿಕೊಳ್ಳಲಿ.

೧೦ ಜೂನ್, ಕಾರಹುಣ್ಣಿಮೆ

ಕನಕರಾಯನ ಮದುವೆ ಆಯಿತಂತೆ. ಊಟದ ಹೊತ್ತಿಗೆ ಗಾಳಿ ಮಳೆ ಬಂದು ಹಂದರ ಹಾರಿತಂತೆ, ಅನ್ನದಲ್ಲಿ ಮಣ್ಣು ಬಿತ್ತಂತೆ. ಹೋಗಿ ಬಂದವರನ್ನು ಕೂರಿಸಿ ಮೊದಲಿಂದ ಕೊನೆತನಕ ಕೇಳಿದೆ. ಆದೆಮ್ಮನಿಗೆ ಕೇಳಿಸಲೆಂದು ಗಟ್ಟಿಯಾಗಿ ನಕ್ಕೆ. ಅವಳು ಎತ್ತಿನ ಕೊಂಬಿಗೆ ಬಣ್ಣ ಹಚ್ಚುತ್ತಿದ್ದಳು. ತಲೆ ಎತ್ತಿ "ಪಾಪ, ಆ ಹುಡುಗಿ ಸೀರಿ ತೊಯ್ಸಿಕೊಂಡಿರಬೇಕು" ಎಂದಳು. ಅಷ್ಟು ಕೇಳಿದ ಮೇಲೆ ನಗಲು ರುಚಿ ಇರಲಿಲ್ಲ.

೯ ಜುಲೈ

ಸೀಟು ಸಿಕ್ಕಿತು. ದೇವದುರ್ಗದ ತನಕ ಹೋಗಿ ರಾಯಚೂರು ಬಸ್ಸಿಗೆ ಹತ್ತಿಸಿ ಬಂದೆ. ದುರುಗಪ್ಪನ ಕೈಯಲ್ಲಿ ಟ್ರಂಕು, ನನ್ನ ಕೈಯಲ್ಲಿ ರೊಟ್ಟಿಯ ಗಂಟು. ಕಿಟಕಿಯಿಂದ ಕೇಳಿದಳು.

"ಆಯಿ, ಕಾಗದ ಹಾಕ್ತೀಯೇನು?"

"ನನಗೇನು ಬ್ಯಾರೆ ಕೆಲಸ ಇಲ್ಲೇನು?"

"ನಾ ಹಾಕ್ತೀನಿ."

"ಹಾಕು. ಒತ್ತಕ್ಷರ ನೆಟ್ಟಗ ಬರಿ."

ಬಸ್ಸು ತಿರುಗಿದ ಮೇಲೂ ದುರುಗಪ್ಪ ನಡಿ ನಡಿ ಎನ್ನುತ್ತಿದ್ದ. ಅವನಿಗೆ ಯಾವಾಗಲೂ ಅವಸರ.

೧೪ ಅಕ್ಟೋಬರ್, ಭಾನುವಾರ

ಕಾರ್ಡಿನಲ್ಲಿ ಜಾಗ ಕಡಿಮೆ, ಹೊಡೆದುಹಾಕಿ ಬರೆದರೆ ಹಾಸ್ಟೆಲಿನ ಹುಡುಗಿಯರು ನಗುತ್ತಾರೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಚಿರಂಜೀವಿ ಆದೆಮ್ಮನಿಗೆ ಆಯಿ ಬಂಡೆಮ್ಮ ಮಾಡುವ ಆಶೀರ್ವಾದ. ನಾವೆಲ್ಲ ಚೆನ್ನಾಗಿದ್ದೇವೆ. ಕಪ್ಪು ಮೇಕೆ ಅವಳಿ ಈದಿದೆ. ಹನುಮಂತ್ರಾಯ ದೇವದುರ್ಗದ ಸಂತೆಯಲ್ಲಿ ಸಿಕ್ಕಿದ್ದ, ನನ್ನನ್ನು ನೋಡಿ ಬಳೆ ಅಂಗಡಿಯೊಳಗೆ ಹೊಕ್ಕ. ನಾನು ಬಾಗಿಲಲ್ಲೇ ನಿಂತೆ, ಅವನು ಹೊರಗೆ ಬರಲು ಬಹಳ ಹೊತ್ತಾಯಿತು. ಅವನನ್ನು ಮಾಫು ಮಾಡಿದ್ದೇನೆ ಎಂದು ನೀನು ತಿಳಿಯಬೇಡ.

ಗೂಗಲ್ ಊರಿನಿಂದ ಒಂದು ಮನೆತನದವರು ಬಂದಿದ್ದರು. ಹುಡುಗನೂ ಮಾಸ್ತರಿಕೆ ಓದಿದವನು. ಹೊಲ ಕೃಷ್ಣೆಯ ದಂಡೆಗೆ ಇದೆ. ನಿನ್ನಪ್ಪ ಕಂಬಳಿ ಹಾಸಲು ಎದ್ದಿದ್ದ, ನಾನು ಕೂರು ಎಂದೆ. ಹುಡುಗಿ ರಾಯಚೂರಿನಲ್ಲಿದ್ದಾಳೆ, ಅವಳನ್ನು ಕೇಳದೆ ಈ ಮನೆಯಲ್ಲಿ ಯಾರಿಗೂ ಕಂಬಳಿ ಹಾಸುವುದಿಲ್ಲ ಎಂದೆ. ಬೂದೆಪ್ಪ, ಇದೆಂಥ ಹೊಸ ಪದ್ಧತಿ ಬಂಡೆಮ್ಮ ಎಂದು ನಕ್ಕ. ನಗುವವರ ಹಲ್ಲು ಎಷ್ಟಿವೆ ಎಂದು ನನಗೆ ಗೊತ್ತಿದೆ ಎಂದೆ. ಅವರು ಚಹಾ ಕುಡಿದು ಹೋದರು. ತುಪ್ಪ ಬಡಿಸಿಲ್ಲ.

ಹುಡುಗ ಕರ್ರಗಿದ್ದಾನೆ, ಮುಂದಿನ ಹಲ್ಲು ಒಂದು ಸೊಟ್ಟ. ಮಾತಾಡುವಾಗ ನೆಲ ನೋಡುವುದಿಲ್ಲ. ನಾನು ಕಂಡದ್ದು ಇಷ್ಟು. ನೀನು ನೋಡಬೇಕು ಎಂದರೆ ಕರೆಸುತ್ತೇನೆ. ಓದು ಮುಗಿಯಲಿ ಎಂದರೆ ಅದನ್ನೇ ಅವರಿಗೆ ಹೇಳುತ್ತೇನೆ. ಬೇಡ ಎಂದರೆ ಬೇಡ, ಯಾಕೆ ಎಂದು ಯಾರ ಎದುರಿಗೂ ನಿನ್ನ ಬಾಯಿ ಬಿಡಿಸುವುದಿಲ್ಲ.

ನಿನ್ನಪ್ಪ ಹೇಳಿದ್ದಕ್ಕೆ ಹೂಂ ಅನ್ನಬೇಡ, ನನ್ನ ಮೋರೆ ನೋಡಿ ಹೂಂ ಅನ್ನಬೇಡ. ಒಬ್ಬಳೇ ಕುಳಿತು ಯೋಚನೆ ಮಾಡು. ಮಾಡಿ, ನಿನ್ನ ಕೈಯಿಂದಲೇ ಬರಿ. ನವೆಂಬರ್ ಹುಟ್ಟುವುದರೊಳಗೆ ಉತ್ತರ ನನಗೆ ಮುಟ್ಟಬೇಕು.